ಮೇಲಿನ ಸಾಲು

ಡಾಕ್ಟರು ಅಚ್ಚು ತೆಗೆದುಕೊಟ್ಟು ಊಟಕ್ಕೆ ಹೋದರು.
ಬಾಗಲಕೋಟೆ ನವನಗರದ ಈ ಹಿಂಬದಿ ಕೋಣೆಯಲ್ಲಿ
ಹಲ್ಲು ಕಟ್ಟುವವನು ನಾನು.
ಎದುರಿಗೆ, ಬೋಳು ಬಾಯಿ ಮುಚ್ಚಿಕೊಂಡು
ಹುಲಗಪ್ಪ ಭಜಂತ್ರಿ ಮಾಸ್ತರು.
ತೊಡೆಯ ಮೇಲೆ ಕರಿ ಪೆಟ್ಟಿಗೆ.

ನನ್ನ ಗುರುತು ಹತ್ತಿತೋ ಇಲ್ಲವೋ.
ಹನ್ನೊಂದು ತುಂಬಿದ ವರ್ಷ ನಮ್ಮವ್ವ
ಕಿಲ್ಲಾ ಓಣಿಯ ಅವರ ಪಡಸಾಲೆಗೆ ಬಿಟ್ಟುಬಂದಳು.
ಮೂರು ತಿಂಗಳು ಬರೀ ಮೂತಿ;
ಉಳಿದ ಕ್ಲಾರಿಯೋನೆಟ್ಟು ಗೋಡೆಯ ಗೂಟಕ್ಕೆ.
'ಕಚ್ಚಬ್ಯಾಡಲೇ, ಅದೇನ್ ಕಬ್ಬಲ್ಲ.
ಮ್ಯಾಲಿನ ಹಲ್ಲು ಇಡು, ಕೆಳಗ ತುಟಿ ಹಾಸು,
ಮಲಗಿದ ಕೂಸಿನ ಮಗ್ಗಲಿಗೆ ಕುಂತಂಗ ಕುಂಡ್ರು.'

ಬ್ಯಾಂಡಿನಲ್ಲಿ ಊದುತ್ತಿದ್ದ ಮನುಷ್ಯ.
ಕೆಂಪು ಕೋಟು, ಭುಜಕ್ಕೆ ಹಳದಿ ಗೊಂಡೆ,
ಕುದುರೆಯ ಮುಂದೆ ಸಿನಿಮಾ ಹಾಡು.
ಒಂದು ರಾತ್ರಿ ಪೆಟ್ರೋಮ್ಯಾಕ್ಸ್ ಹೊತ್ತವ ಎಡವಿ
ಬೆಳಕು ಹೋಗಿ ಡೋಲು ನಿಂತಾಗ
ಇವರೊಬ್ಬರು ನಿಲ್ಲಲಿಲ್ಲವಂತೆ:
ಬಾಗೇಶ್ರೀ, ಕತ್ತಲಲ್ಲಿ, ಒಂದು ತಾಸು.
ಮದುಮಗ ಕುದುರೆಯ ಮೇಲೇ ನಿದ್ದೆಹೋದ.
ಮಾಲೀಕ ಅಂದಿನ ಪಗಾರ ಮುರಿದುಕೊಂಡ.

ಸ್ವರದಿಂದ ಸ್ವರಕ್ಕೆ ಜಾರಗೊಡದ
ವಿಲಾಯಿತಿ ಕೀಲಿಗಳಲ್ಲಿ ಎರಡನ್ನು ಕಿತ್ತು,
ತೂತಿಗೆ ಮೇಣ ಹಚ್ಚಿ,
ಬೆರಳನ್ನು ಅರ್ಧ ಎತ್ತಲು ಕಲಿಯುವುದಕ್ಕೆ
ಆರು ವರ್ಷ.
ರೇಡಿಯೋ ಅರ್ಜಿಯಲ್ಲಿ ಸಿತಾರಿತ್ತು, ಸಾರಂಗಿಯಿತ್ತು, ಶಹನಾಯಿಯಿತ್ತು.
'ಇತರೆ' ಅನ್ನುವಲ್ಲಿ ಗುರುತು ಹಾಕಿ
ಧಾರವಾಡದ ಬಸ್ಸು ಹತ್ತಿದರು.
ಆಮೇಲೆ ಪುಣೆ, ಗ್ವಾಲಿಯರ್, ಕಲಕತ್ತೆ.
ಅಲ್ಲಿ ಪಂಡಿತಜೀ,
ಇಲ್ಲಿ, ಚಾದಂಗಡಿಯಲ್ಲಿ, ಬ್ಯಾಂಡಿನ ಹುಲಗ್ಯಾ.
ಎರಡಕ್ಕೂ 'ಓ' ಅನ್ನುತ್ತಿದ್ದರು.

ಹಿನ್ನೀರು ಬಂತು. ಗೂಟವಿದ್ದ ಗೋಡೆಗೆ
ಸರ್ಕಾರದವರು ನಂಬರು ಬರೆದರು.
ಹದಿನಾಲ್ಕು ಶಿಷ್ಯರಲ್ಲಿ ಒಬ್ಬ ಪೊಲೀಸ್ ಬ್ಯಾಂಡಿಗೆ,
ಒಬ್ಬಾಕೆ ಮಿರಜಿನಲ್ಲಿ ಒಳ್ಳೇ ಹೆಸರು ಮಾಡಿದಳು.
ನನಗೆ ಮೊದಲೇ ಹೇಳಿದ್ದರು:
'ಕೈ ಛಲೋ ಅದ, ಉಸಿರು ಸಾಲಂಗಿಲ್ಲ.
ಬ್ಯಾರೆ ಏನರೆ ಕಟ್ಟಲೇ.'
ಕಟ್ಟಿದೆ.

ಮೊದಲ ಸೆಟ್ಟು ಹಾಕಿಕೊಂಡು ಊದಿದರು: ಬರೀ ಸೀಟಿ.
ಎರಡನೆಯದಕ್ಕೆ ವಸಡು ಒಡೆದು ರಕ್ತ.
ಮೂರನೆಯ ದಿನ ಅಂಗಿಯ ಕಿಸೆಯಿಂದ
ಬಸ್ ಟಿಕೆಟ್ಟಿನಲ್ಲಿ ಸುತ್ತಿದ್ದ
ತಮ್ಮವೇ ಎರಡು ಮುಂಬಲ್ಲು ತೆಗೆದು ಮೇಜಿನ ಮೇಲಿಟ್ಟರು.
ತುದಿಯಲ್ಲಿ, ಎರಡಕ್ಕೂ,
ಸಾಸಿವೆಯಷ್ಟು ತಗ್ಗು.
ಐವತ್ತೆರಡು ವರ್ಷ ಮೂತಿ ಕೂತ ಜಾಗ.

ಅರದಿಂದ ಹೊಸ ಹಲ್ಲಿಗೆ ಆ ತಗ್ಗು ತೋಡಿದೆ.
ಅಳತೆ ಸಾಲದೆ, ಅವರ ಮೂತಿ ತೊಳೆದು
ನನ್ನ ಬಾಯಲ್ಲೇ ಇಟ್ಟು ನೋಡಿದೆ,
ಮೂವತ್ತೊಂಬತ್ತು ವರ್ಷದ ಮೇಲೆ.
ಅವರು ಪೆಟ್ಟಿಗೆಯ ಕೊಂಡಿ ನೋಡುತ್ತ ಕೂತಿದ್ದರು.
'ಇನ್ನೂ ಕಚ್ಚತೀ' ಅಂದರು.

ಪತ್ತಿ ನೆನೆಸಿ, ಕಟ್ಟಿ, ಕಣ್ಣು ಮುಚ್ಚಿ
ಕೆಳಗಿನ ಷಡ್ಜ ಹಿಡಿದರು.
ಸುಣ್ಣದ ಪುಡಿಯ ನಡುವೆ ಸಾಲಾಗಿಟ್ಟ
ಯಾರ್ಯಾರದೋ ಬಾಯಿಗಳು ಕೇಳಿಸಿಕೊಂಡವು.
ನಾನೂ.

ಹೊರಗೆ ಡಾಕ್ಟರ ಮೋಟಾರು ನಿಂತ ಸಪ್ಪಳ.
ಸೆಟ್ಟು ಕಳಚಿ ನನ್ನ ಕೈಗಿತ್ತು,
ಬೋಳು ಬಾಯಲ್ಲಿ:
'ನಿಷಾದ ಇನ್ನೂ ನಿದ್ದಿಗಣ್ಣಾಗ ಐತಿ.
ನಾಳೆ ಬರ್ತೀನಿ. ಒಂದೀಟ ಕೆರಿ.'