ಹನ್ನೊಂದು ನಿಮಿಷ

ಎಲ್ಲಿ ನೋಡಬೇಕು ಅಂತ ಕೇಳುತ್ತಾರೆ.
ಯಾವ ಆ್ಯಪಿನಲ್ಲೂ ಇಲ್ಲ.
ಮಾತಿಲ್ಲ, ಕಥೆಯಿಲ್ಲ ಎಂದು ಮೂರು ಕಡೆಯಿಂದ ವಾಪಸು ಬಂತು.

ಮಾನ್ವಿ ರಸ್ತೆಯ ಟವರ್ ಕಾಯುವ ಹುಲುಗಪ್ಪ
ಊರಿಗೆಲ್ಲ ಸಿಗ್ನಲ್ ಕೊಡುವ ಕಂಬದ ಬುಡದಲ್ಲಿ
ಡೀಸೆಲ್ ಅಳೆಯುತ್ತಾನೆ, ಬುತ್ತಿ ಬಿಚ್ಚುತ್ತಾನೆ,
ಜನರೇಟರಿನ ಸದ್ದಿಗೆ ಹೂಂಗುಟ್ಟುತ್ತಾನೆ.
ಅಷ್ಟೇ ಸಿನಿಮಾ.

ನೋಡಲೇಬೇಕಿದ್ದರೆ
ರಾತ್ರಿ ಒಂಬತ್ತರ ಮೇಲೆ ತೀನ್ ಕಂದೀಲಿಗೆ ಬನ್ನಿ,
ಮೌಲಾಬಿಯ ಮೊಬೈಲ್ ರಿಪೇರಿ ಅಂಗಡಿ.
ಶಟರು ಅರ್ಧ ಇಳಿದಿರುತ್ತದೆ, ಬಗ್ಗಿ ಬನ್ನಿ.
ಯಾರೋ ಬಿಟ್ಟುಹೋದ ಸೀಳುಗಾಜಿನ ಫೋನಿನಲ್ಲಿ ಹಚ್ಚುತ್ತೇನೆ.
ಒಬ್ಬೊಬ್ಬರಿಗೆ ಮಾತ್ರ ಕಾಣುತ್ತದೆ; ಪರದೆ ಸಣ್ಣದು.

ಮೊನ್ನೆ ಹುಲುಗಪ್ಪನೂ ಬಂದಿದ್ದ.
ಮುಗಿದ ಮೇಲೆ ಸುಮ್ಮನೆ ಕೂತ.
"ಆ ರಾತ್ರಿ ನೀನೂ ಇದ್ದೆಲ್ಲಾ ತಂಗಿ, ಕ್ಯಾಮೆರಾದ ಹಿಂದ.
ಅದ್ಯಾಕ ಕಾಣಂಗಿಲ್ಲ?" ಅಂದ.