ಹಿಂದಕ್ಕೆ ಮುಖ ಮಾಡಿ ಕೂತವನು

ಪದಕ ಕೇಳಿಕೊಂಡು ಬಂದೆಯಾ ಮಗು, ಒಳಗೆ ಬಾ.
ತಲೆ ತಗ್ಗಿಸು, ಬಾಗಿಲು ಗಿಡ್ಡ.
ಹೊಗೆಗೆ ಕಣ್ಣುರಿದರೆ ಉಜ್ಜಬೇಡ, ಹರಿಯಲಿ.
ಆರ್ಬ್ರೋತ್‌ನಲ್ಲಿ ಎಲ್ಲರದೂ ಹೀಗೆಯೇ,
ಅತ್ತವರು ಯಾರು, ಮೀನು ಹೊಗೆಗಿಟ್ಟವರು ಯಾರು,
ಗುರುತು ಹತ್ತುವುದಿಲ್ಲ.

ನಾನು ರೆಕ್ಕೆಗೆ ತೇಪೆ ಹಾಕುತ್ತಿದ್ದವಳು.
ಬಟ್ಟೆಯ ರೆಕ್ಕೆ, ನಂಬು!
ಮೇಲೆ ಬಾಳೆಹಣ್ಣಿನ ವಾಸನೆಯ ಅರಗು.
ಯುದ್ಧ ಮುಗಿಯುವವರೆಗೆ ಈ ಊರು ಬಾಳೆಹಣ್ಣು ಕಾಣಲಿಲ್ಲ,
ವಾಸನೆ ಮಾತ್ರ ನಮ್ಮ ಶೆಡ್ಡಿನಲ್ಲಿತ್ತು.
ವಿಮಾನದ ಹೆಸರು ಸ್ವೋರ್ಡ್‌ಫಿಶ್.
ಮೀನೇ ನಮ್ಮ ಹಣೆಬರಹ, ನೋಡು.

ಮುಂದೆ ಹಾರಿಸುವವನು,
ನಡುವೆ ನಕ್ಷೆ ಹಿಡಿದ ಪೆನ್‌ಹ್ಯಾಲೋ,
ಕೊನೆಗೆ ನನ್ನ ವಾಟಿ, ಬಂದೂಕಿನ ಜೊತೆ,
ಹಿಂದಕ್ಕೆ ಮುಖ ಮಾಡಿ.
ಮುಂದಿನಿಬ್ಬರಿಗೆ ಕಂಡದ್ದು ಹಡಗು.
ಇವನಿಗೆ ಕಂಡದ್ದು, ಟಾರ್ಪಿಡೊ ಬಿಟ್ಟು ತಿರುಗಿದ ಮೇಲೆ
ಅಟ್ಟಿಸಿಕೊಂಡು ಬಂದ ಬೆಂಕಿ,
ಒಂದೊಂದೇ, ಸಾವಧಾನವಾಗಿ,
ಹೆಸರು ವಿಚಾರಿಸಿಕೊಂಡು ಬಂದ ಹಾಗೆ.
‘ಯುದ್ಧದುದ್ದಕ್ಕೂ ನಾನು ಬೆನ್ನು ತೋರಿಸಿದ್ದು
ನಮ್ಮವರಿಗೇ’ ಅಂತ ನಗುತ್ತಿದ್ದ.

ಮೂವರಿಗೂ ಒಂದೇ ಗಾಳಿ, ಒಂದೇ ಚಳಿ,
ಮೂವರ ಬಾಯಲ್ಲೂ ಒಂದೇ ಒಣ ನಾಲಗೆ.
ಹಾರಿಸಿದವನು ಅಧಿಕಾರಿ, ಅವನಿಗೆ ಶಿಲುಬೆ.
ವಾಟಿಗೆ ದುಂಡು ಬಿಲ್ಲೆ.
ಸತ್ತವನಿಗೆ ಶಿಲುಬೆ ಕೊಡುವ ನಿಯಮವಿಲ್ಲವಂತೆ,
ಪೆನ್‌ಹ್ಯಾಲೋಗೆ ವರದಿಯಲ್ಲಿ ಒಂದು ಸಾಲು.
ಧೈರ್ಯಕ್ಕೂ ಪಂಕ್ತಿಭೇದ, ಮಗು.
ಬಡಿಸುವವರು ದೂರದಲ್ಲಿ ಕೂತಿದ್ದರು.

ದುರಸ್ತಿಗೆ ಬಂದಾಗ ಹತ್ತೊಂಬತ್ತು ತೂತು ಎಣಿಸಿದೆ.
ನಡುವಿನ ಆಸನದ ಪಕ್ಕದ್ದು ಶಿಲಿಂಗ್‌ನಷ್ಟು ಅಗಲ.
ಅದಕ್ಕೂ ಅದೇ ಸೂಜಿ, ಅದೇ ದಾರ,
ಯಾರದೆಂದು ನನಗೇನು ಗೊತ್ತು?
ವಾಟಿ ಬಂದ. ತೇಪೆಯ ಮೇಲೆ ಬೆರಳಿಟ್ಟು
ಬಹಳ ಹೊತ್ತು ನಿಂತ.
ಯಾರು ಹೊಲಿದದ್ದು ಎಂದ.
ನಾನು, ಎಂದೆ.
ನಮ್ಮ ಪ್ರೇಮದ ಕಥೆ ಅಷ್ಟೇ, ಬರೆದುಕೋ ಬೇಕಾದರೆ.

ಆಮೇಲೆ ನಲವತ್ತು ವರ್ಷ
ಡಂಡೀ ರೈಲಿನಲ್ಲೂ ಅವನಿಗೆ ಹಿಂದುಮುಖದ ಸೀಟೇ ಬೇಕು.
ತಲೆ ತಿರುಗುವುದಿಲ್ಲವೇ ಅಂದರೆ,
‘ಯಾರಾದರೂ ನೋಡುತ್ತಿರಬೇಕಲ್ಲ, ಇಸೊಬೆಲ್.’

ಅಗೋ, ಆ ಮೊಳೆಯಲ್ಲಿದೆ,
ಹ್ಯಾಡಕ್ ಸಾಲಿನ ಪಕ್ಕ.
ಅವನೇ ತೂಗುಹಾಕಿದ್ದು.
ಬೆಳ್ಳಿ ಕಪ್ಪಾಗಿದೆ, ರಾಜನ ಮೂಗು ಮೀನಿನಷ್ಟೇ ಕಂದು.
ಒಯ್ಯಿ. ಗಾಜಿನೊಳಗಿಡು.
ತಿಕ್ಕಿ ತೊಳೆದೀಯೆ, ಜೋಕೆ,
ಆ ಹೊಗೆಯೂ ಅವನು ಗಳಿಸಿದ್ದೇ.

ನಿಲ್ಲು, ಮೀನು ಕಟ್ಟಿಕೊಡುತ್ತೇನೆ.
ಒಂದು ಸಾಕು ಅನ್ನಬೇಡ.
ಬಾಲಕ್ಕೆ ಬಾಲ ಬಿಗಿದು ಜೋಡಿಯಾಗಿಯೇ ಹೊಗೆಗಿಡುವುದು,
ಇಲ್ಲಿ ಒಂಟಿ ಮೀನು
ಮಾರುವುದಿಲ್ಲ.