ಆರು ಹಾಗೇ ಇರಲಿ

ಏಳೂ ಹತ್ತಕ್ಕೆ ಮೇಲಿನಿಂದ ಫೋನು:
"ನಾಲ್ಕನ್ನು ತೆಗಿ. ಆರು ಹಾಗೇ ಇರಲಿ."
ನಮಸ್ಕಾರವೂ ಇಲ್ಲ, ಕಾರಣವೂ ಇಲ್ಲ.
ಹಿಡಿಕೆ ತಿರುಗಿಸುತ್ತೇನೆ,
ಲಾಗ್ ಪುಸ್ತಕದಲ್ಲಿ ವೇಳೆ ಬರೆಯುತ್ತೇನೆ.
ಕಿಟಕಿಯಾಚೆ ಸಾಗರದ ಒಂದು ಮಗ್ಗುಲು
ಯಾರೋ ಬಾಯಿ ಮುಚ್ಚಿದ ಹಾಗೆ ಸುಮ್ಮನಾಗುತ್ತದೆ.

ಇನ್ನೊಂದು ಫೋನು, ಹಸಿರು ಬಣ್ಣದ್ದು,
ರಿಸೀವರಿಗೆ ಕರಿ ಟೇಪು ಸುತ್ತಿದ್ದು,
ಅದು ಊರಿನದು.

ಮೊದಲ ಕರೆ ಐಸ್‌ಕ್ಯಾಂಡಿ ನಜೀರ್ ಸಾಬರದು.
ಕರಗಿದ್ದರ ಲೆಕ್ಕ ಹೇಳುತ್ತಾರೆ, ಮರ್ಯಾದೆಯಿಂದ.
ಎರಡನೆಯದು ನಿವೃತ್ತ ಮೇಷ್ಟ್ರು ಪದ್ಮರಾಜಯ್ಯ.
ಅವರಿಗೆ ಕರೆಂಟು ಬೇಕಿಲ್ಲ, ನ್ಯಾಯ ಬೇಕು:
"ನದಿ ಯಾರದಯ್ಯಾ? ಮುಳುಗಿದ್ದು ಯಾರು?
ಗುಡ್ಡ ನಮ್ಮದು, ನೀರು ನಮ್ಮದು,
ತಂತಿ ಹೋಗುವುದು ನಮ್ಮದೇ ತಲೆಯ ಮೇಲೆ,
ಬೆಳಕು ಮಾತ್ರ ಮುನ್ನೂರೈವತ್ತು ಕಿಲೋಮೀಟರು ನಡೆದು
ಅಲ್ಲಿ ಸೀರೆ ಅಂಗಡಿಯ ಗೊಂಬೆಯ ಮುಖ ತೊಳೆಯುತ್ತಿದೆ.
ಒಂದು ದಿನ, ಒಂದೇ ದಿನ ಶರಾವತಿ ಮುನಿಸಿಕೊಳ್ಳಲಿ,
ಗೊತ್ತಾಗುತ್ತದೆ ಅವರಿಗೆ."

ಹೌದು ಸಾರ್, ಎನ್ನುತ್ತೇನೆ. ಸುಳ್ಳಲ್ಲ.
ನನ್ನವ್ವನೂ ಮುಳುಗಡೆಯವಳೇ.
ಲಾರಿಯಲ್ಲಿ ತಂದು ಸುರಿದಾಗ ಅವಳ ಪಕ್ಕ
ಒಂದು ಒನಕೆ, ಎರಡು ಕೋಳಿ,
ದಾರಿಯುದ್ದ ಊದಿ ಊದಿ ಆರಗೊಡದ
ಒಂದು ಮಡಕೆ ಕೆಂಡ.
ಬೆಳಕು ಬರುತ್ತದೆ ಎಂದಿದ್ದರಂತೆ ಸಾಹೇಬರು.
ಯಾರಿಗೆ ಎಂದು ಕೇಳಲು
ಅವಳಿಗೆ ತೋಚಲಿಲ್ಲವಂತೆ.

ಹಾಗಾಗಿ ಈ ಸಿಟ್ಟು ನನಗೆ ಬಳುವಳಿ.
ಟೀ ಅಂಗಡಿಯ ಮುಂದೆ ನಿಂತು
ನಾಡಿಗೇ ದೀಪ ಹಚ್ಚಿದವರು ನಾವು ಅಂದರೆ ಸಾಕು,
ಕತ್ತಲಲ್ಲೂ ಮೀಸೆ ತಿರುವಬಹುದು.
ಕತ್ತಲಲ್ಲಿ ಮೀಸೆ ಯಾರಿಗೂ ಕಾಣುವುದಿಲ್ಲ,
ಅದು ಬೇರೆ ಮಾತು.

ಎಂಟೂವರೆಗೆ ಗುತ್ಯಮ್ಮ. ಆರನೇ ಫೀಡರು, ಕುಂಬ್ರಿಕೊಪ್ಪ, ಹಿಟ್ಟಿನ ಗಿರಣಿ.
ಗಿರಣಿ ನಿಂತರೂ ಅವಳು ನಿಂತಿಲ್ಲ:
"ಪ್ಯಾಟೆಗೆ ಎರಡು ತಾಸು ತೆಗಿತೀರಿ, ನಮಗೆ ಒಂಬತ್ತು.
ಬೆಂಗ್ಳೂರಿಗೆ ಬೈಯೋರು ನೀವು. ನಿಮಗೆ ಬೈಯೋರು ನಾವು.
ಅಕ್ಕಿ ಕೊಟ್ಟು ಹೋದೋರು ನಾಲ್ಕು ದಿನದಿಂದ
ನನ್ನ ಮುಖ ನೋಡ್ತಾ ಕೂತಿದಾರೆ.
ನಿಮ್ಮ ಆಫೀಸಿನ ಫ್ಯಾನು ತಿರುಗೋ ಸದ್ದು
ನಂಗೆ ಫೋನಲ್ಲೇ ಕೇಳ್ತದೆ, ತಿಳ್ಕೋ."

ತಲೆಯೆತ್ತಿ ನೋಡುತ್ತೇನೆ. ತಿರುಗುತ್ತಿದೆ.
ಸ್ಟೇಷನ್ನಿನ ಫ್ಯಾನಿಗೆ ಲೋಡ್ ಶೆಡ್ಡಿಂಗ್ ಇಲ್ಲ.
ಎದ್ದು ಆರಿಸುತ್ತೇನೆ, ಹತ್ತು ನಿಮಿಷ.
ಬೆವರು ಬೆನ್ನಿಗಿಳಿದ ಮೇಲೆ ಮತ್ತೆ ಹಾಕುತ್ತೇನೆ.
ಇದನ್ನು ಪುಸ್ತಕದಲ್ಲಿ ಬರೆದಿಲ್ಲ.

ಗೋಡೆಯ ನಕ್ಷೆಯಲ್ಲಿ ಹಿನ್ನೀರಿನಾಚೆ
ಪೆನ್ಸಿಲಿನಲ್ಲಿ ಒಂದು ಹೆಸರಿದೆ, ಅಂಬ್ಲಿಗುಂಡಿ.
ಹನ್ನೆರಡು ಕಂಬ ನೆಟ್ಟಾಗಿದೆ.
ಹದಿಮೂರನೆಯದು ಅರಣ್ಯ ಇಲಾಖೆಯ ಫೈಲಿನಲ್ಲಿ ನಿಂತಿದೆ.
ಅಲ್ಲಿ ಅವ್ವನ ಅಕ್ಕನ ಮಗ ಕನ್ನಪ್ಪ.
ಹೋದ ವರ್ಷ ಲಾಂಚು ಹತ್ತಿ ಹೋಗಿದ್ದೆ.
ಊಟವಾದ ಮೇಲೆ ಚಿಮಣಿ ಬುಡ್ಡಿ ಒಳಗಿಟ್ಟು
ಅಂಗಳಕ್ಕೆ ಕರೆದ.
ನೀರಿನ ಆ ತುದಿಯಲ್ಲಿ, ಬಹಳ ದೂರದಲ್ಲಿ,
ಆಣೆಕಟ್ಟಿನ ದೀಪಗಳ ಸಾಲು.
"ನೋಡು, ನಮ್ಮ ಹೊಳೆಯ ಕರೆಂಟು," ಅಂದ,
"ಎಷ್ಟು ಚಂದ."
ಅವನ ದನಿಯಲ್ಲಿ ಕೊಂಕು ಹುಡುಕಿದೆ.
ಸಿಗಲಿಲ್ಲ.
ಪದ್ಮರಾಜಯ್ಯನವರ ಹತ್ತಿರ ಇರುವಷ್ಟು ಸಿಟ್ಟು
ಅವನ ಹತ್ತಿರ ಯಾಕಿಲ್ಲವೋ,
ಇದ್ದದ್ದನ್ನು ಎಲ್ಲಿ ಇಟ್ಟಿದ್ದಾನೋ.

ಒಂಬತ್ತೂ ಹತ್ತಕ್ಕೆ ಮೇಲಿನ ಫೋನು:
"ನಾಲ್ಕು ಹಾಕು. ಆರು ಹಾಗೇ ಇರಲಿ."
ಹಾಕುತ್ತೇನೆ. ಪೇಟೆ ಒಮ್ಮೆಲೇ ಎದ್ದು ಕೂರುತ್ತದೆ,
ಯಾರದೋ ಟಿವಿ ನಿಲ್ಲಿಸಿದ ಮಾತಿನ ನಡುವಿನಿಂದ ಶುರುವಾಗುತ್ತದೆ.
ಬಂತು ಅಂತ ಹೇಳಲು ಯಾರೂ ಫೋನು ಮಾಡುವುದಿಲ್ಲ.

ಹಸಿರು ಫೋನು ಮತ್ತೆ ಹೊಡೆದುಕೊಳ್ಳುತ್ತಿದೆ.
ಗುತ್ಯಮ್ಮನೇ ಇರಬೇಕು.
ಆರು ಸಲ ಬಡಿದ ಮೇಲೆ ಎತ್ತುತ್ತೇನೆ.

ಇವತ್ತಿನ ದೂರು: ನಲವತ್ತೊಂದು.
ಅಂಬ್ಲಿಗುಂಡಿಯಿಂದ ಒಂದೂ ಇಲ್ಲ.
ಅವರ ಲೆಕ್ಕದಲ್ಲಿ ನನ್ನದೊಂದು ಸೇರಿಸಲೋ ಬೇಡವೋ ಎಂದು
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ,
ಹಾಳೆ ಫ್ಯಾನಿನ ಗಾಳಿಗೆ ಹಾರದ ಹಾಗೆ
ಮೇಲೆ ಮೊಣಕೈ ಊರಿ.